ಲಿಂಗಕ್ಕೆ ಕಣಗಿಲೆ, ಮುಡಿಗೆ ಮಲ್ಲಿಗೆ

೧೪ ಜೂನ್ ೨೦೦೪, ಚಳ್ಳಕೆರೆ

ನಮ್ಮ ಎಣ್ಣೆ ಮಿಲ್ಲಿನಲ್ಲಾದರೆ ಬೈಯುವುದಕ್ಕೆ ಜನ ಇರುತ್ತಾರೆ. ಮನೆಯಲ್ಲಿ ಕೂತು ಯಾರನ್ನು ಬೈಯಲಿ? ಅದಕ್ಕೇ ಈ ಡೈರಿ ತೆಗೆದೆ. ಹೊಸ ವರ್ಷಕ್ಕೆ ಯಾರೋ ಕೊಟ್ಟದ್ದು, ಹಾಳೆಯೆಲ್ಲ ಖಾಲಿ ಬಿದ್ದಿತ್ತು.

ನಿನ್ನೆ ಬೆಂಗಳೂರಿನಿಂದ ಬಂದೆವು. ಮನೆಯವಳಿಗೆ ಎದೆಯ ಗಂಟಿನ ಆಪರೇಷನ್ ಆಗಿ ತಿಂಗಳಾಯಿತು. ಈಗ ಇಂಜೆಕ್ಷನ್ ಶುರು. ಮೂರು ವಾರಕ್ಕೊಂದರಂತೆ ಆರು. ನಡುವೆ ಬಿಟ್ಟರೆ ಆಪರೇಷನ್ ಮಾಡಿದ್ದೂ ದಂಡ ಎಂದು ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದರು, ಬಿಟ್ಟುಬಿಡುವವನು ನಾನೇ ಎಂಬ ಹಾಗೆ.

ಅವಳ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿಲ್ಲ. ಬೆಳಗ್ಗೆ ಹೂವಿನ ಹುಚ್ಚಕ್ಕ ಬಾಗಿಲಿಗೆ ಬಂದಳು. ನಮ್ಮ ಮದುವೆಯಾದಾಗಿನಿಂದ ದಿನಾ ಒಂದು ಮೊಳ ಅಳೆದು ಕೊಟ್ಟು ಹೋಗುವವಳು. ಮನೆಯವಳು ಎಡಗೈಯಿಂದ ಮುಡಿಯಲು ಹೋಗಿ ಒದ್ದಾಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಕೊನೆಗೆ ಅಡುಗೆಗೆ ಬರುವ ಸೂರಮ್ಮ ಕೈ ಒರೆಸಿಕೊಂಡು ಬಂದು ಮುಡಿಸಿದಳು. ಹೆಂಡತಿಗೆ ಹೂ ಮುಡಿಸುವುದು ಗಂಡಸಿನ ಕೆಲಸವೇ? ಎದ್ದು ಮಿಲ್ಲಿಗೆ ಹೋದೆ.

ಮಿಲ್ಲನ್ನು ಮಗ ಮುರುಗೇಶ ನೋಡಿಕೊಳ್ಳುತ್ತಿದ್ದಾನೆ. ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ. ಅದೂ ಒಂದು ಬೇಜಾರು.

೨ ಜುಲೈ

ಕೂದಲು ಉದುರುತ್ತದೆ ಎಂದು ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ದಿಂಬಿನ ಮೇಲೆ ಕೂದಲು, ಮುಷ್ಟಿ ಮುಷ್ಟಿ. ಮಾರುದ್ದ ಜಡೆ ಅವಳದು. ಮದುವೆಯಲ್ಲಿ ನಮ್ಮ ಕಡೆಯ ಹೆಂಗಸರು ಚೌರಿ ಇರಬೇಕೆಂದು ಎಳೆದು ನೋಡಿದ್ದರಂತೆ.

ಈಗ ಅವಳು ಮುಖ ತೊಳೆಯಲು ಬಚ್ಚಲಿಗೆ ಹೋದ ಕೂಡಲೇ ನಾನು ಎದ್ದು ದಿಂಬು ಒಯ್ದು ಹಿತ್ತಲಲ್ಲಿ ಕೊಡವಿ ತಂದಿಡುತ್ತೇನೆ. ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೇನೆ.

೮ ಜುಲೈ

ಪಕ್ಕದ ಮನೆಯ ಕಮಲಾಕ್ಷಮ್ಮ ನೋಡಲು ಬಂದಿದ್ದರು. ಮುತ್ತೈದೆಯನ್ನು ನೋಡಲು ಬರಿಗೈಲಿ ಬರಬಾರದಲ್ಲ, ಹಣ್ಣಿನ ಜೊತೆ ಕನಕಾಂಬರದ ಮಾಲೆ ತಂದು ಕೈಗಿಟ್ಟರು. ಮನೆಯವಳು ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಗೋಡೆ ಕಡೆ ಹೊರಳಿದಳು. ಸೆರಗಿನ ಕೆಳಗೆ ಈಗ ಏನೂ ಇಲ್ಲ. ಕಮಲಾಕ್ಷಮ್ಮನಿಗೆ ಆಮೇಲೆ ಹೊಳೆಯಿತು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ಅತ್ತುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸರಿಯಾಗಿ ಆಗಲೇ ಹುಚ್ಚಕ್ಕ ಸಿಕ್ಕಳು. "ನಾಳೆಯಿಂದ ಈ ಬಾಗಿಲಿಗೆ ಬರಬೇಡ" ಎಂದೆ.

"ಯಾಕ್ ಸಾವ್ಕಾರ್ರೇ, ನಾನೇನ್ ಮಾಡ್ದೆ?"

"ಬರಬೇಡ ಅಂದ್ರೆ ಬರಬೇಡ."

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಮುಡಿಯುವ ಹೂವು ಈ ಮನೆಯೊಳಗೆ ಬರುವುದು ಬೇಡ. ಕಂಡರೆ ತಾನೆ ಸಂಕಟ?

೧೨ ಜುಲೈ

ಒಂದು ಯೋಚಿಸಿದರೆ ಇನ್ನೊಂದು. ಹುಚ್ಚಕ್ಕನನ್ನು ಓಡಿಸಿದ ಮೇಲೆ ಲಿಂಗಪೂಜೆಗೂ ಹೂವಿಲ್ಲ. ಮೂರು ದಿನದಿಂದ ಬರೀ ವಿಭೂತಿಯಲ್ಲಿ ಮುಗಿಸುತ್ತಿದ್ದೇನೆ. ಮನೆಯವಳು ಏನೂ ಕೇಳಲಿಲ್ಲ. ಈಗ ಅವಳು ಏನನ್ನೂ ಕೇಳುವುದಿಲ್ಲ. ಊಟ ಇಟ್ಟರೆ ಉಂಟು, ಇಡದಿದ್ದರೆ ಇಲ್ಲ.

ಮನೆ ಮುಂದಿನ ಅಂಗಳ ಶೇಂಗಾ ಒಣಗಿಸಲು ಬಿಟ್ಟದ್ದು. ಈಗ ಎಲ್ಲ ಮಿಲ್ಲಿನಲ್ಲೇ ಒಣಗುತ್ತದೆ, ಇಲ್ಲಿ ಸುಮ್ಮನೆ ಗಟ್ಟಿ ನೆಲ. ದೇವರಿಗೆ ನಾಲ್ಕು ಹೂವಿನ ಗಿಡ ಹಾಕೋಣವೆಂದು ತಳ್ಳುಗಾಡಿಯವನಿಂದ ಗುಲಾಬಿ ತೆಗೆದುಕೊಂಡೆ. ಗಾಡಿಯ ಮೇಲೆ ಒಂದೊಂದು ಹೂವೂ ಬೋಗುಣಿಯಷ್ಟಿತ್ತು.

೨೧ ಜುಲೈ

ಗುಲಾಬಿ ಕತೆ ಮುಗಿಯಿತು. ಬೀಸಿದ ಗಾಳಿ ಅರ್ಧ ತಿಂದಿತು, ನಮ್ಮ ಬೋರಿನ ನೀರು ಉಳಿದರ್ಧ. ಪಾತಿಯ ಮೇಲೆ ಬೆಳ್ಳಗೆ ಉಪ್ಪು ಕೂತಿದೆ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ನಮ್ಮೂರಲ್ಲಿ ನೀರು ಕುಡಿದವನೇ ಉಪ್ಪು ತಿಂದಂತೆ.

ಇವತ್ತು ಹೊಲಕ್ಕೆ ಹೋಗಿದ್ದೆ. ಅಲ್ಲಿ ಅಪ್ಪನ ಗದ್ದುಗೆ ಇದೆ. ಅಪ್ಪನನ್ನು ಮಣ್ಣು ಮಾಡಿದ ವರ್ಷ ನಾನೇ ಕೈಯಾರೆ ಗದ್ದುಗೆಯ ಮುಂದೆ ಕಣಗಿಲೆ, ನಂದಿಬಟ್ಟಲು, ಒಂದು ಪತ್ರೆ ಗಿಡ ಹಾಕಿದ್ದೆ. ಮೊದಲೆರಡು ವರ್ಷ ಬಿಟ್ಟರೆ ನೀರು ಹಾಕಿದವರಿಲ್ಲ. ಆಡು ಮೂಸಿ ನೋಡಿ ಬಿಟ್ಟು ಹೋಗುತ್ತದೆ. ಆದರೂ ಕಣಗಿಲೆ ಕೆಂಪಗೆ ಹೂ ಹೊತ್ತು ನಿಂತಿತ್ತು. ನೋಡಿ ನಗು ಬಂತು. ಈ ನೆಲದಲ್ಲಿ ಯಾವುದು ಬರುತ್ತದೆ ಎಂದು ಊರೆಲ್ಲ ಕೇಳಿಕೊಂಡು ಬಂದೆನಲ್ಲ, ಉತ್ತರ ನಮ್ಮ ಹೊಲದಲ್ಲೇ ಇತ್ತು! ಇನ್ನೊಂದು ಅನುಕೂಲ ಏನೆಂದರೆ, ಇವು ಯಾವುವೂ ಮುಡಿಯುವ ಹೂವಲ್ಲ. ಅವಳಿಗೆ ನೋವಾಗುವ ಮಾತೇ ಇಲ್ಲ.

ಬರುವ ದಾರಿಯಲ್ಲಿ ನರ್ಸರಿಗೆ ಹೋಗಿ ಅವೇ ಗಿಡಗಳನ್ನು ತಂದೆ. ಒಂದು ದಾಸವಾಳವೂ ಇರಲಿ ಎಂದು ಸೇರಿಸಿದೆ.

೩೧ ಜುಲೈ

ಮೂರನೆಯ ಇಂಜೆಕ್ಷನ್ ಮುಗಿಸಿ ಬಂದು ಐದು ದಿನ. ಬಾಯಿ ಹುಣ್ಣು, ಊಟ ಸೇರುವುದಿಲ್ಲ. ಆದರೆ ಇವತ್ತು ಮನೆಯವಳು ನನ್ನನ್ನು ಬೈದಳು. ಬರೆದಿಡಬೇಕಾದ ಸಂಗತಿ.

ಎಣ್ಣೆ ಮಿಲ್ಲಿನವನ ಮನೆಯ ಗಿಡ ಗೊಬ್ಬರಕ್ಕೆ ಯಾರ ಹತ್ತಿರ ಕೈ ಚಾಚಬೇಕು? ಗಾಣದಿಂದ ಆಗಷ್ಟೇ ಇಳಿದ ಶೇಂಗಾ ಹಿಂಡಿ ಎರಡು ಚೀಲ ತರಿಸಿ, ಒಂದೊಂದು ಬುಡಕ್ಕೂ ಎರಡು ಕೈ ತುಂಬ ಸುರಿದಿದ್ದೆ. ನಾಲ್ಕು ದಿನಕ್ಕೆ ದಾಸವಾಳದ ಎಲೆ ಸುಟ್ಟಂತಾಯಿತು. ಊರ ಇರುವೆಯೆಲ್ಲ ನೆಂಟಸ್ತನಕ್ಕೆ ಬಂತು. ಬೆಳಗ್ಗೆ ನಾಯಿಯೊಂದು ನಂದಿಬಟ್ಟಲಿನ ಬುಡ ಕೆದರಿ ಹಿಂಡಿ ನೆಕ್ಕುತ್ತಿತ್ತು. ಕೋಲು ತೆಗೆದುಕೊಂಡು ಓಡಿಸುತ್ತಿದ್ದಾಗ ಕಿಟಕಿಯಿಂದ ಕೇಳಿತು.

"ಏನ್ರೀ ಅದು, ಎಮ್ಮೆಗೆ ಇಟ್ಟಂಗೆ ಹಿಂಡಿ ಇಟ್ಟೀರಲ್ರೀ ಗಿಡಕ್ಕೆ!"

"ಗೊಬ್ಬರ" ಎಂದೆ.

"ಗೊಬ್ಬರ ಅಲ್ಲ, ಬೆಂಕಿ ಅದು. ಹಸೀ ಹಿಂಡಿ ಬೇರು ಸುಡ್ತೈತೆ. ತಗೀರಿ ಎಲ್ಲಾನೂ. ನೀರಾಗೆ ನೆನಸಿ, ಒಂದು ವಾರ ಕೊಳೆಸಿ, ಮಜ್ಜಿಗೆಗಿಂತ ತೆಳ್ಳಗೆ ಮಾಡಿ ಹಾಕ್ಬೇಕು. ಬೋರಿನ ನೀರು ಹಾಕ್ಬ್ಯಾಡ್ರಿ. ಸೂರಮ್ಮ ಅಕ್ಕಿ ತೊಳೆದ ನೀರು ಚೆಲ್ತಾಳಲ್ಲ, ಅದು ಹಾಕ್ರಿ."

ಅಷ್ಟಕ್ಕೇ ಸುಸ್ತಾಗಿ ಮಲಗಿದಳು. ನಾನು ಮಧ್ಯಾಹ್ನದವರೆಗೆ ಕುಕ್ಕರಗಾಲಲ್ಲಿ ಕೂತು ಹಿಂಡಿ ತೋಡಿ ತೆಗೆದೆ. ಬೈಸಿಕೊಂಡದ್ದಕ್ಕೆ ಇಷ್ಟು ಸಂತೋಷವಾಗುತ್ತದೆಂದು ಗೊತ್ತಿರಲಿಲ್ಲ.

ಮಿಲ್ಲಿಗೆ ಹೋಗಲಾಗಲಿಲ್ಲ.

೧೫ ಆಗಸ್ಟ್

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಗ್ಗೆ ಕಣಗಿಲೆ ಹೂ ಬಿಟ್ಟಿತ್ತು. ನಂದಿಬಟ್ಟಲು ಬೆಳ್ಳಗೆ ನಾಲ್ಕೈದು. ದಾಸವಾಳವೂ ಬದುಕಿ ಚಿಗುರಿದೆ. ನಾಳೆ ನಾಲ್ಕನೆಯ ಇಂಜೆಕ್ಷನ್‌ಗೆ ಹೊರಡಬೇಕು, ಅದಕ್ಕೆ ಮುಂಚೆ ಇವಳಿಗೆ ತೋರಿಸೋಣ ಅನ್ನಿಸಿತು. ಕೈ ಹಿಡಿದು ಬಾಗಿಲಿಗೆ ಕರೆತಂದೆ.

"ನೋಡು, ನಾನೊಬ್ಬನೇ ಮಾಡಿದ್ದು."

ಅವಳು ಬಾಗಿಲ ಚೌಕಟ್ಟು ಹಿಡಿದು ಒಂದೊಂದೇ ಗಿಡ ನೋಡಿದಳು. ನೋಡುತ್ತ ನೋಡುತ್ತ ಮುಖ ಬಿಗಿಯಿತು.

"ಮಲ್ಲಿಗೆ ಎಲ್ಲಿ?"

"ಮಲ್ಲಿಗೆ ಯಾಕೆ?"

"ಕಾಕಡ? ಕನಕಾಂಬರ? ಮುಡಿಯೋ ಹೂವು ಒಂದಾದ್ರೂ ಐತೇನ್ರೀ ಇದ್ರಾಗೆ?"

"ನಿನಗೆ ಬೇಜಾರಾಗಬಾರದು ಅಂತ..."

"ಕಣಗಿಲೆ, ನಂದಿಬಟ್ಲು, ಪತ್ರೆ. ಮಾವನೋರ ಗದ್ದುಗೆ ಮುಂದೆ ಏನೈತೋ ಅದೇ ತಂದಿಟ್ಟೀರಿ. ಒಂದೂ ತಪ್ಪಿಲ್ಲ. ನಾನಿನ್ನೂ ಉಸಿರಾಡ್ತಿದ್ದೀನಿ ಕಣ್ರೀ. ಮುತ್ತೈದೆ ಇರೋ ಮನೆ ಅಂಗಳ ಹಿಂಗಿರ್ತೈತಾ?"

ಅಲ್ಲಿ ನೋಡಿಯೇ ಇಲ್ಲಿ ಹಾಕಿದ್ದು ನಿಜ. ನೀರಿಲ್ಲದೆ ಬರುತ್ತವೆ ಎಂದು ಹಾಕಿದೆ ಎಂದು ಹೇಳಬೇಕಿತ್ತು.

"ನಾಳೆ ನಾನು ಬೆಂಗಳೂರಿಗೆ ಬರಲ್ಲ" ಎಂದಳು. "ನೀವೇ ತೀರ್ಮಾನ ಮಾಡಿ ಗಿಡ ಇಟ್ಟ ಮ್ಯಾಲೆ ಇಂಜೆಕ್ಷನ್ ಯಾತಕ್ಕೆ?"

೧೬ ಆಗಸ್ಟ್

ಬರಲಿಲ್ಲ. ಮುರುಗೇಶ ಕಾರು ತಂದು ನಿಲ್ಲಿಸಿ, "ಅವ್ವಾ, ಏಳವ್ವ" ಎಂದು ಕಾಲ ಹತ್ತಿರ ಕೂತು ಕೇಳಿದ. ಗೋಡೆ ನೋಡಿಕೊಂಡು ಮಲಗಿದ್ದಳು.

೧೯ ಆಗಸ್ಟ್

ಇವತ್ತೂ ಇಲ್ಲ. ಡಾಕ್ಟರಿಗೆ ಫೋನು ಮಾಡಿದೆ. ಹದಿನೈದು ದಿನಕ್ಕಿಂತ ಹೆಚ್ಚು ತಡ ಮಾಡಬೇಡಿ ಎಂದರು. ನನಗೆ ಹೆದರಿಕೆಯಾಗುತ್ತಿದೆ.

೨೫ ಆಗಸ್ಟ್, ಮೊಳಕಾಲ್ಮೂರು

ಯಾರಿಗೂ ಹೇಳದೆ ಬೆಳಗಿನ ಬಸ್ಸು ಹಿಡಿದು ಇವಳ ತವರಿಗೆ ಬಂದೆ. ಬಿ.ಜಿ. ಕೆರೆ ದಾಟುವವರೆಗೂ ಏನು ಕೇಳಬೇಕೆಂದು ಯೋಚಿಸಿಕೊಂಡು ಬಂದೆ. ಅತ್ತೆ ಇಲ್ಲ. ಈಗ ಆ ಮನೆಯಲ್ಲಿರುವವಳು ಇವಳ ತಂಗಿ ದಾಕ್ಷಾಯಿಣಿ. ನನ್ನೊಬ್ಬನನ್ನೇ ಬಾಗಿಲಲ್ಲಿ ಕಂಡು ಎದೆ ಹಿಡಿದುಕೊಂಡಳು.

"ಅಕ್ಕಂಗೇನಾತು ಬಾವ?"

"ಏನೂ ಆಗಿಲ್ಲ. ಒಂದು ಮಲ್ಲಿಗೆ ಬಳ್ಳಿ ಬೇಕಿತ್ತು."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಬಸ್ಸು ಹತ್ತಿ ಬಂದು ಮಲ್ಲಿಗೆ ಕೇಳಿದೆನೆಂದರೆ ಯಾರು ನಂಬುತ್ತಾರೆ? ನಡೆದದ್ದೆಲ್ಲ ಹೇಳಿದೆ. ಗದ್ದುಗೆಯ ಮಾತು ಬಂದಾಗ ಅವಳು ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಾಳೆ ಅಂದುಕೊಂಡರೆ ಅರ್ಧ ನಗುತ್ತಿದ್ದಳು.

"ಎಂಥ ಕೆಲ್ಸ ಮಾಡ್ಬಿಟ್ರಿ ಬಾವ ನೀವು!"

ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ದುಂಡುಮಲ್ಲಿಗೆ ಪೊದೆಯಾಗಿ ಬೆಳೆದಿದೆ. ಅತ್ತೆ ನೆಟ್ಟದ್ದು. ಕೆಳಗಿನ ಬಳ್ಳಿಗಳು ನೆಲಕ್ಕೆ ಬಾಗಿ ತಾವೇ ಬೇರು ಬಿಟ್ಟಿವೆ. ದಾಕ್ಷಾಯಿಣಿ ಒಂದನ್ನು ಮಣ್ಣಿನ ಹೆಂಟೆ ಸಮೇತ ಬಿಡಿಸುತ್ತ ಹೇಳಿದಳು.

"ಅಕ್ಕನ್ನ ನಿಮ್ಮನೆಗೆ ಕಳಿಸುವಾಗ ಅವ್ವ ಒಂದು ಬಳ್ಳಿ ಕೊಟ್ಟು ಕಳ್ಸಿದ್ಲು. ಅಂಗಳದ ತುಂಬ ಶೇಂಗಾ ಹರವಿರ್ತಾರೆ, ಜಾಗ ಇಲ್ಲ ಅಂತ ಎಣ್ಣೆ ಡಬ್ಬದಾಗೆ ಇಟ್ಟಿದ್ಲಂತೆ. ಅಲ್ಲೇ ಒಣಗಿಹೋಯ್ತಂತೆ."

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆಗ ಶೇಂಗಾ ಎಲ್ಲಿ ಒಣಗಿಸುತ್ತಿದ್ದೆ? ಆದರೂ ಆ ಡಬ್ಬ ಯಾವುದಿದ್ದಿರಬಹುದು ಎಂದು ಮನಸ್ಸು ಹುಡುಕುತ್ತಲೇ ಇದೆ.

ಪಕ್ಕದ ಮನೆಯ ಓಬಳೇಶಪ್ಪ ಮಗ್ಗ ನಿಲ್ಲಿಸಿ ಗೋಡೆಯ ಮೇಲಿಂದ ಇಣುಕಿದ. ಇಲ್ಲಿಯವರಿಗೆ ಅರ್ಧ ತೆಲುಗು, ಅರ್ಧ ಕನ್ನಡ. "ಉಟ್ಟಿ ಮಲ್ಲೆ ಚೆಟ್ಟು ತೀಸ್ಕೊಪೋತೇ ಎಟ್ಲಾ ಸ್ವಾಮೀ? ಮಣ್ಣೂ ತಗಂಡೋಗ್ರಿ" ಎಂದ. ಬರೀ ಬಳ್ಳಿ ಒಯ್ದರೆ ಸಾಲದು, ಮಣ್ಣೂ ಬೇಕಂತೆ. ಅರ್ಧ ಚೀಲ ಮಣ್ಣು ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ಏನಿದೆ ಎಂದು ಚೀಲ ಒದ್ದು ನೋಡುತ್ತಾನೆ, ನೋಡಲಿ. ಮೂರು ಗಂಟೆ ಬಸ್ಸಿಗೆ ಹೊರಡಬೇಕು.

೨೬ ಆಗಸ್ಟ್

ಬೆಳಗ್ಗೆ ಅಂಗಳದ ಮೂಡಣ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದೆ. ಕಿಟಕಿಯ ಪರದೆ ಅಲುಗಿತು. ಆಮೇಲೆ ಬಾಗಿಲಲ್ಲಿ ಕಂಡಳು. ಸೂರಮ್ಮ ಕುರ್ಚಿ ತಂದು ಹಾಕಿದಳು. ನಾನು ಗುಂಡಿ ತೋಡುತ್ತಲೇ ಇದ್ದೆ. ಮಾತಾಡಿದರೆ ಏನಾದರೂ ಕೆಡಿಸಿಬಿಡುತ್ತೇನೆ.

ಚೀಲ ಬಿಚ್ಚಿ ಮಣ್ಣು ಸುರಿದೆ. ಚಳ್ಳಕೆರೆಯ ಮಣ್ಣಿಗಿಂತ ಅದು ಕೆಂಪು.

"ಎಲ್ಲಿದು ಮಣ್ಣು?"

"ನಿಮ್ಮಪ್ಪನ ಮನೆಯದು."

ಎದ್ದು ಬಂದಳು. ಬಗ್ಗಿ ಒಂದು ಹಿಡಿ ತೆಗೆದು ಮೂಸಿದಳು. ಬಳ್ಳಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ನನಗೂ ಬಂತು. ಮಣ್ಣು ಕೈಯಿಂದ ಒರೆಸಿಕೊಂಡು ಮುಖವೆಲ್ಲ ಕೆಸರಾಯಿತು.

"ಅಷ್ಟು ಆಳ ಬ್ಯಾಡ್ರಿ. ಬುಡದಾಗೆ ನೀರು ನಿಲ್ತೈತೆ" ಎಂದಳು. "ಬಿಸಿಲು ಬೇಕು ಇದಕ್ಕೆ, ಆದ್ರೆ ಪಡುವಣ ಗಾಳಿಗೆ ಮರೆ ಬೇಕು. ಆ ಕಣಗಿಲೆ ಅಲ್ಲೇ ಇರ್ಲಿ, ಗಾಳಿ ತಡೀತೈತೆ."

ಅಂತೂ ನನ್ನ ಕಣಗಿಲೆಗೆ ಒಂದು ಕೆಲಸ ಸಿಕ್ಕಿತು.

"ಯಾವಾಗ ಮೊಗ್ಗು ಬಿಡುತ್ತೆ?" ಎಂದು ಕೇಳಿದೆ.

"ಈಗ ಎಲ್ಲಿ ಬಿಡ್ತೈತೆ? ಚಳಿ ಕಳೀಬೇಕು. ಶಿವರಾತ್ರಿ ಆದ ಮ್ಯಾಲೆ." ಕೈಯಲ್ಲಿದ್ದ ಮಣ್ಣನ್ನು ಬಳ್ಳಿಯ ಬುಡಕ್ಕೆ ಉದುರಿಸಿದಳು. "ಅಲ್ಲೀವರೆಗೂ ನೋಡ್ಕೊಳ್ಳೋರು ಬೇಕಲ್ಲ. ನಿಮ್ಮ ಕೈಗೆ ಬಿಟ್ರೆ ಹಿಂಡಿ ಸುರಿದು ಸುಡ್ತೀರಿ. ಸೋಮವಾರಕ್ಕೆ ಕಾರು ಹೇಳ್ರಿ ಮುರುಗೇಶಂಗೆ."

೧೨ ಅಕ್ಟೋಬರ್

ಆರನೆಯದೂ ಮುಗಿಯಿತು. ಕಾರಿನಲ್ಲಿ ಹಿರಿಯೂರಿನವರೆಗೂ ನನ್ನ ಹೆಗಲಿಗೊರಗಿ ನಿದ್ದೆ ಮಾಡಿದಳು. ಕೈ ಜೋಮು ಹಿಡಿಯಿತು. ತೆಗೆಯಲಿಲ್ಲ.

ಮಲ್ಲಿಗೆಯಲ್ಲಿ ಎರಡು ಹೊಸ ಕುಡಿ.

೨೮ ನವೆಂಬರ್

ಹುಚ್ಚಕ್ಕನ ಹಟ್ಟಿಗೆ ಹೋಗಿದ್ದೆ. ಕನಕಾಂಬರದ ಬೀಜ ಅವಳ ಹತ್ತಿರವೇ ಒಳ್ಳೆಯದು ಸಿಗುವುದು ಎಂದು ಮನೆಯವಳು, ಮಂಗಳ, ಹೇಳಿದ್ದಳು. ಹುಚ್ಚಕ್ಕ ಜಗಲಿಯಲ್ಲಿ ಹೂ ಕಟ್ಟುತ್ತಿದ್ದವಳು ತಲೆ ಎತ್ತಲೇ ಇಲ್ಲ. ನಿಂತೇ ಇದ್ದೆ.

"ಬಾಗಿಲಿಗೆ ಬರಬ್ಯಾಡ ಅಂದೋರು ನನ್ನ ಬಾಗಿಲಿಗೆ ಬಂದೀರಲ್ಲ ಸಾವ್ಕಾರ್ರೆ" ಎಂದಳು ಕೊನೆಗೆ.

"ಬಂದೆ. ನೀನೂ ಬಾ."

ಬೀಜದ ಜೊತೆ ಸಸಿಯನ್ನೂ ಕೊಟ್ಟಳು. ಮನೆಗೆ ಬಂದ ಮೇಲೆ ಮಂಗಳ ಒಣಗಿದ ಬೀಜದ ತೆನೆಯೊಂದನ್ನು ನನ್ನ ಅಂಗೈ ಮೇಲಿಟ್ಟು ನೀರು ಚಿಮುಕಿಸಿದಳು. ಪಟ್ ಎಂದು ಸಿಡಿದು ಬೀಜ ನನ್ನ ಕನ್ನಡಕಕ್ಕೆ ಹಾರಿತು. ನಾನು ಬೆಚ್ಚಿ ಕೂಗಿದ್ದಕ್ಕೆ ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ! ಇದ್ದ ತೆನೆಯನ್ನೆಲ್ಲ ತಂದು ಕೊಟ್ಟೆ, ಇನ್ನೂ ಸಿಡಿಸು ಎಂದು.

೧೬ ಜನವರಿ ೨೦೦೫

ಬೆಂಗಳೂರಿನಲ್ಲಿ ಎಲ್ಲ ಪರೀಕ್ಷೆ ಮಾಡಿದರು. ಸದ್ಯಕ್ಕೆ ಏನೂ ಇಲ್ಲ, ಆರು ತಿಂಗಳಿಗೊಮ್ಮೆ ಬರುತ್ತಿರಿ ಎಂದರು. ಸದ್ಯಕ್ಕೆ ಎಂಬ ಮಾತನ್ನು ನಾನು ದಾರಿಯುದ್ದಕ್ಕೂ ತಿರುವಿ ತಿರುವಿ ನೋಡಿದೆ. ಮಂಗಳ ನೋಡಲಿಲ್ಲ. ಮಲ್ಲಿಗೆಯ ಎಲೆ ಕಿತ್ತು, ತುದಿ ಕತ್ತರಿಸುವ ಕಾಲ ಮೀರಿತು ಎಂಬುದೊಂದೇ ಅವಳ ಚಿಂತೆ.

ಸೆರಗಿನ ಕೆಳಗೆ ಕೂದಲು ಬಂದಿದೆ. ಎಳೆ ರಾಗಿ ಪೈರಿನ ಹಾಗೆ ಮೆತ್ತಗಿದೆ. ಮೊದಲಿನಷ್ಟು ಕಪ್ಪಿಲ್ಲ, ಸ್ವಲ್ಪ ಸುರುಳಿ.

ಮುರುಗೇಶ ಕೇಳಿದ, "ಅಪ್ಪಾ, ಮಿಲ್ಲಿನ ಕಡೆ ಬಂದು ಎಷ್ಟು ದಿನ ಆತು ಹೇಳು?" ಮೊನ್ನೆ ತಾನೆ ಬಂದಿದ್ದೆನಲ್ಲ ಎಂದೆ. ಅದು ದೀಪಾವಳಿ ಪೂಜೆಗೆ ಎಂದು ನಗುತ್ತಾನೆ. ಇವನಿಗೆ ಲೆಕ್ಕ ಸರಿ ಬರುವುದಿಲ್ಲ.

೨೦ ಮಾರ್ಚ್

ಮೊಗ್ಗು!

ಮೊದಲು ನೋಡಿದ್ದು ನಾನು. ಮಂಗಳ ತಾನು ನಿನ್ನೆಯೇ ನೋಡಿದ್ದೆ, ನಿಮಗೆ ಸಿಗಲಿ ಎಂದು ಸುಮ್ಮನಿದ್ದೆ ಅನ್ನುತ್ತಾಳೆ. ಸುಳ್ಳು.

೨೭ ಮಾರ್ಚ್, ಭಾನುವಾರ

ಸಂಜೆ ಮೊಗ್ಗು ಬಿಡಿಸಿದೆವು. ಬೊಗಸೆ ತುಂಬಲಿಲ್ಲ, ಆದರೆ ಒಂದು ಗೇಣು ಕಟ್ಟುವಷ್ಟಿತ್ತು. ಕನಕಾಂಬರವನ್ನೂ ನಡುನಡುವೆ ಸೇರಿಸಿ ಮಂಗಳ ಬಾಳೆನಾರಿನಲ್ಲಿ ಕಟ್ಟಿದಳು. ಅವಳ ಬೆರಳು ಏನನ್ನೂ ಮರೆತಿಲ್ಲ.

"ಗಿಡದ ಮೊದಲ ಹೂವು ಲಿಂಗಕ್ಕೆ" ಎಂದೆ. ನಮ್ಮಲ್ಲಿ ಹಾಗೇ ನಡೆದು ಬಂದದ್ದು.

"ಒಂದು ಮೊಗ್ಗು ತಗದಿಟ್ಟಿದ್ದೀನಿ ನಾಳೆ ಪೂಜೆಗೆ. ಇಷ್ಟು ದಿನ ಲಿಂಗಯ್ಯ ಕಣಗಿಲೇಲಿ ಸುಧಾರಿಸ್ಕೊಂಡಿಲ್ವಾ? ಇವತ್ತು ನನ್ನ ಪಾಳಿ."

ಹಾಗೆಂದು ಸೆರಗು ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ಅಂಗಳದಲ್ಲಿ, ಇನ್ನೂ ಬೆಳಕಿರುವಾಗಲೇ. ಬಲಗೈ ಎತ್ತಿದಳು, ಕಿವಿಯ ಹತ್ತಿರಕ್ಕೆ ಬಂದು ನಿಂತಿತು. ಮೊದಲಿಗಿಂತ ಎಷ್ಟೋ ವಾಸಿ. ಆದರೆ ತಲೆಯ ಹಿಂದಕ್ಕೆ ಹೋಗುವುದಿಲ್ಲ. ಸೂರಮ್ಮ ಮನೆಗೆ ಹೋಗಿಯಾಗಿತ್ತು.

"ಕೊಡು ಇಲ್ಲಿ" ಎಂದೆ.

ಅಷ್ಟು ಗಿಡ್ಡ ಕೂದಲಿಗೆ ಹೂವು ನಿಲ್ಲುತ್ತದೆಯೇ? ಪೇಟೆಗೆ ಓಡಿ ಪಿನ್ನು ತಂದೆ. ಬಳೆ ಅಂಗಡಿಯವನು "ಯಾವ ಸೈಜು ಸಾವ್ಕಾರ್ರೆ?" ಎಂದ. ಚಿಕ್ಕ ಕೂದಲಿಗೆ ಎಂದೆ. ಮೊಮ್ಮಗಳಿಗಾ ಎಂದು ಕೇಳಿದ. ಹೆಂಡತಿಗೆ ಎಂದು ಹೇಳಿ ಬಂದೆ.

ಮೊದಲ ಸಲ ಪಿನ್ನು ಚುಚ್ಚಿ, "ಅಯ್ಯೋ, ಶೇಂಗಾ ಚೀಲ ಹೊಲಿಯೋ ದಬ್ಬಳ ಅಲ್ರೀ ಅದು!" ಎಂದು ಬೈಸಿಕೊಂಡೆ. ಇನ್ನೊಂದು ಸಲ ಹೂವು ಜಾರಿ ಅವಳ ರವಿಕೆಯೊಳಗೆ ಬಿತ್ತು. ಅಷ್ಟರಲ್ಲಿ ಕಮಲಾಕ್ಷಮ್ಮ ಕಾಂಪೌಂಡಿನಾಚೆ ಬಂದು ನಿಂತಿದ್ದರು. ನೋಡುವಷ್ಟು ನೋಡಲಿ ಎಂದು ನಾನು ತಲೆ ಎತ್ತಲಿಲ್ಲ, ಪಿನ್ನು ಆಗಷ್ಟೇ ಹಿಡಿಯುತ್ತಿತ್ತು. ಎರಡೂ ಕಡೆ ಸಿಕ್ಕಿಸಿ ಕೈ ಬಿಟ್ಟೆ. ನಿಂತಿತು.

ಆಮೇಲೆ ಮಂಗಳ ಹೇಳುತ್ತಾಳೆ, "ಕಮಲಾಕ್ಷಮ್ಮನ ಮುಂದೆ ನನ್ನ ಹೆಸರು ಹಿಡಿದು ಕರೆದ್ರಲ್ರೀ. 'ಮಂಗಳಾ, ಅಲ್ಲಾಡಬ್ಯಾಡ' ಅಂತ."

ನಾನು ಕರೆಯಲಿಲ್ಲ ಎಂದೆ. ಕರೆದಿರಿ ಎಂದಳು. ಮದುವೆಯಾದಾಗಿನಿಂದ ಒಂದು ದಿನವೂ ಕರೆದವನಲ್ಲ ನಾನು. ಅವಳಿಗೇ ಏನೋ ಹಾಗೆ ಕೇಳಿಸಿರಬೇಕು.

೨೮ ಮಾರ್ಚ್

ಬೆಳಗ್ಗೆ ಮಂಗಳ ಬಚ್ಚಲಿಗೆ ಹೋದಾಗ ಹಳೆಯ ಅಭ್ಯಾಸದಂತೆ ಎದ್ದು ದಿಂಬು ಹಿತ್ತಲಿಗೆ ಒಯ್ದು ಕೊಡವಿದೆ.

ಬಾಡಿದ ಮಲ್ಲಿಗೆ ಉದುರಿತು, ಜೊತೆಗೊಂದು ಪಿನ್ನು.

ಪಿನ್ನು ಹುಡುಕಿ ಎತ್ತಿಟ್ಟುಕೊಂಡಿದ್ದೇನೆ. ಸಂಜೆಗೆ ಬೇಕಾಗುತ್ತದೆ.